ಮೂರು ಬಟನ್ನು, ಒಂದು ದನಿ: ಹಿರಿಯರ ಫೋನಿನ ಕಥೆ

1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು, ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಜಗತ್ತಿನ ಮೊದಲ ಕರೆ ಮಾಡಿದರು. ಕರೆ ಹೋದದ್ದು ಪೈಪೋಟಿಯಲ್ಲಿದ್ದ ಬೆಲ್ ಲ್ಯಾಬ್ಸ್‌ನ ಜೋಯೆಲ್ ಎಂಗೆಲ್ ಅವರಿಗೆ. ಫೋನು ಒಂದು ಕಿಲೋಗೂ ಹೆಚ್ಚು ತೂಗುತ್ತಿತ್ತು. ಈ ಪ್ರಸಂಗ ಬಹಳ ಮಂದಿಗೆ ಗೊತ್ತು. ಅದೇ ಕೂಪರ್ 77ರ ವಯಸ್ಸಿನಲ್ಲಿ ಇನ್ನೊಂದು ಬಗೆಯ ಫೋನಿನ ಹುಟ್ಟಿಗೂ ಕಾರಣರಾದರು ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಕೂಪರ್ ಮತ್ತು ಅವರ ಪತ್ನಿ ಆರ್ಲೀನ್ ಹ್ಯಾರಿಸ್ ಸೇರಿ ಕಟ್ಟಿದ ಗ್ರೇಟ್‌ಕಾಲ್ ಕಂಪನಿ 2006ರಲ್ಲಿ ಅಮೆರಿಕದ ಮಾರುಕಟ್ಟೆಗೆ ಜಿಟರ್‌ಬಗ್ ಎಂಬ ಫೋನು ತಂದಿತು. ತಯಾರಿಸಿಕೊಟ್ಟದ್ದು ಸ್ಯಾಮ್‌ಸಂಗ್. ಮುಚ್ಚಳ ತೆರೆದರೆ ಹಳೆಯ ಲ್ಯಾಂಡ್‌ಲೈನಿನಂತೆ ಡಯಲ್ ಟೋನ್ ಕೇಳಿಸುತ್ತಿತ್ತು. ಮೊಬೈಲಿಗೆ ಡಯಲ್ ಟೋನಿನ ಅಗತ್ಯವೇ ಇಲ್ಲ. ಆದರೆ ಐವತ್ತು ವರ್ಷ ಆ ಸದ್ದು ಕೇಳಿದ ಮೇಲೆಯೇ ನಂಬರು ತಿರುಗಿಸಿದವರಿಗೆ, ಫೋನು ಸರಿಯಾಗಿದೆ ಎಂದು ತಿಳಿಯಲು ಬೇರೆ ಗುರುತು ಗೊತ್ತಿರಲಿಲ್ಲ. ಬಟನ್ನುಗಳು ದೊಡ್ಡವು. ಪರದೆಯ ಮೇಲಿನ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕೆಂದಾಗ ಆಪರೇಟರ್ ಸಿಗುತ್ತಿದ್ದರು. ಯಂತ್ರದ ಧ್ವನಿಯಲ್ಲ, ಮನುಷ್ಯರು. ಹೆಸರು ಹೇಳಿದರೆ ಕರೆ ಜೋಡಿಸಿಕೊಡುತ್ತಿದ್ದರು.

ಇದಕ್ಕೂ ಮೊದಲೇ ಜಪಾನಿನಲ್ಲಿ ಇಂಥ ಪ್ರಯತ್ನ ಶುರುವಾಗಿತ್ತು. ಅಲ್ಲಿನ ಡೊಕೊಮೊ ಕಂಪನಿ 1999ರಲ್ಲಿ ‘ರಾಕು ರಾಕು’ ಫೋನನ್ನು ಬಿಡುಗಡೆ ಮಾಡಿತು. ಆ ಪದಕ್ಕೆ ಸಲೀಸು, ಆರಾಮ ಎಂದು ಅರ್ಥ. ಮುಂದೆ ಫುಜಿತ್ಸು ಅದನ್ನು ವರ್ಷಗಟ್ಟಲೆ ತಿದ್ದಿ ಬೆಳೆಸಿತು. ಅದರ ಮುಖದ ಮೇಲೆ 1, 2, 3 ಎಂಬ ಮೂರು ಬಟನ್ನು. ಒಂದು ಮಗನಿಗೆ, ಒಂದು ಮಗಳಿಗೆ, ಒಂದು ಡಾಕ್ಟರಿಗೆ ಎಂದು ಇಟ್ಟುಕೊಳ್ಳಬಹುದು. ಆಚೆಯವರ ಮಾತನ್ನು ನಿಧಾನಗೊಳಿಸಿ ಕೇಳಿಸುವ ಸೌಲಭ್ಯವೂ ಮುಂದೆ ಸೇರಿತು.

ಆಮೇಲೆ ಬಂದದ್ದು ಗಾಜಿನ ಪರದೆ. 2007ರ ಐಫೋನಿನಲ್ಲಿ ಕೆಳಗೆ ಒಂದು ಹೋಮ್ ಬಟನ್ನಾದರೂ ಇತ್ತು. ಎಲ್ಲಿ ದಾರಿ ತಪ್ಪಿದರೂ ಅದನ್ನೊತ್ತಿ ಮನೆಗೆ ಮರಳಬಹುದಿತ್ತು. 2017ರ ಐಫೋನ್ ಟೆನ್‌ನಲ್ಲಿ ಅದೂ ಹೋಯಿತು. ಹೇಗೆ ಸವರಬೇಕು, ಎಲ್ಲಿಂದ ಸವರಬೇಕು ಎಂಬುದನ್ನು ಪರದೆ ತಾನಾಗಿ ಹೇಳುವುದಿಲ್ಲ. ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ, ಒಣ ಬೆರಳನ್ನು ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಗುರುತಿಸಲಿಲ್ಲವೆಂದು ಒತ್ತಿ ಹಿಡಿದರೆ ಅದಕ್ಕೆ ಬೇರೆಯೇ ಅರ್ಥ. ಇನ್ಯಾವುದೋ ಪಟ್ಟಿ ತೆರೆದುಕೊಳ್ಳುತ್ತದೆ. ‘ನನಗೆ ಇದೆಲ್ಲ ಬರೋದಿಲ್ಲಪ್ಪ’ ಎಂದು ಹಿರಿಯರು ಫೋನನ್ನು ಪಕ್ಕಕ್ಕಿಡುವಾಗ ತಪ್ಪು ಹಲವು ಸಲ ಅವರದಲ್ಲ, ಪರದೆಯದು. 2012ರ ರಾಕು ರಾಕು ಸ್ಮಾರ್ಟ್‌ಫೋನು ಈ ತಪ್ಪನ್ನು ತಿದ್ದಲು ನೋಡಿತು. ಅದರಲ್ಲಿ ಬೆರಳು ತಾಗಿದರೆ ಸಾಲದು, ಬಟನ್ನಿನಂತೆ ಒತ್ತಬೇಕು. ಒತ್ತಿದ್ದು ಬೆರಳಿಗೆ ಅದುರಿ ತಿಳಿಯುತ್ತಿತ್ತು.

ಇಲ್ಲಿಯವರೆಗಿನ ಕಥೆಯಲ್ಲಿ ತೊಡಕು ಕಣ್ಣಿನದು, ಕಿವಿಯದು, ಬೆರಳಿನದು. ಆದರೆ ಅಪಾಯ ಬಂದದ್ದು ಬೇರೆ ಕಡೆಯಿಂದ. 2000ದ ದಶಕದ ಆರಂಭದಲ್ಲೇ ಜಪಾನಿನ ಅಜ್ಜಿಯರಿಗೆ ‘ನಾನು, ನಾನೇ’ ಎಂದು ಕರೆಗಳು ಬರತೊಡಗಿದವು. ಅಜ್ಜಿಯೇ ಮೊಮ್ಮಗನ ಹೆಸರು ಹೇಳಿಬಿಡುತ್ತಿದ್ದಳು. ಆಚೆಯವನು ಅದೇ ಹೆಸರಿನಲ್ಲಿ ಅತ್ತು, ಅಪಘಾತವಾಗಿದೆ, ತುರ್ತಾಗಿ ಹಣ ಹಾಕು ಎನ್ನುತ್ತಿದ್ದ. ಫೋನು ಎಷ್ಟು ಸಲೀಸಾಗಿದ್ದರೂ ಇದನ್ನು ತಡೆಯುವಂತಿರಲಿಲ್ಲ. 2016ರಲ್ಲಿ ಐಚಿ ಪ್ರಾಂತ್ಯದ ಬ್ಯಾಂಕುಗಳು ಬೇರೆ ದಾರಿ ಹಿಡಿದವು: ವಯಸ್ಸು 70 ದಾಟಿದ, ಕೆಲವು ವರ್ಷಗಳಿಂದ ಎಟಿಎಂ ಮೂಲಕ ಹಣ ವರ್ಗಾಯಿಸದೇ ಇದ್ದವರಿಗೆ ಆ ಸೌಲಭ್ಯವನ್ನೇ ನಿಲ್ಲಿಸಿದವು. ಹಣ ಕಳಿಸಬೇಕಾದರೆ ಕೌಂಟರಿಗೆ ಹೋಗಬೇಕು, ಅಲ್ಲಿ ಒಬ್ಬ ಗುಮಾಸ್ತ ‘ಯಾರಿಗೆ, ಯಾಕೆ’ ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯೇ ಕಾವಲು.

ಸಲೀಸು ಮತ್ತು ಸುರಕ್ಷಿತ ಎರಡೂ ಒಂದೇ ಅಲ್ಲ ಎಂಬುದು ಇಲ್ಲಿ ಕಾಣುತ್ತದೆ. ಸಲೀಸಾಗಲು ಹೆಜ್ಜೆ ಕಡಿಮೆಯಾಗಬೇಕು. ಸುರಕ್ಷಿತವಾಗಲು ಎಲ್ಲೋ ಒಂದು ಕಡೆ ತಡೆದು ನಿಲ್ಲುವ ಹೆಜ್ಜೆ ಇರಬೇಕು.

ಭಾರತ ಈ ಎರಡೂ ಪಾಠಗಳನ್ನು ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಕಲಿಯಬೇಕಾಯಿತು. 2017ರ ಜನವರಿಯಿಂದ ಇಲ್ಲಿ ಮಾರುವ ಹೊಸ ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂದು ನಿಯಮ ಬಂತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಸಂದೇಶ ಓದಲು ಬರಬೇಕೆಂಬ ಮಾನದಂಡವೂ ಬಂತು. ಯುಪಿಐ 2016ರಲ್ಲಿ ಬಂದು, ಹಣ ಕಳಿಸುವುದನ್ನು ಮಿಸ್ಡ್ ಕಾಲ್ ಕೊಡುವಷ್ಟು ಹಗುರ ಮಾಡಿತು. ಹಣ ಪಡೆಯಲು ಪಿನ್ ಬೇಡ, ಕೊಡುವುದಕ್ಕಷ್ಟೇ ಬೇಕು ಎಂಬುದು ತಿಳಿಯದೆ, ‘ಕಲೆಕ್ಟ್’ ಕೋರಿಕೆಗೆ ಪಿನ್ ಒತ್ತಿ ಎಷ್ಟೋ ಜನ ಕಳೆದುಕೊಂಡರು. ವ್ಯಕ್ತಿಗಳ ನಡುವಿನ ಆ ಕೋರಿಕೆಯ ಸೌಲಭ್ಯವನ್ನು 2025ರ ಅಕ್ಟೋಬರಿನಿಂದ ತೆಗೆದುಹಾಕಲಾಯಿತು. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಮೋಸದ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಿ ಬಾನುಲಿಯಲ್ಲಿ ಎಚ್ಚರಿಸಿದರು. ಅಂಥ ಬಂಧನ ಕಾನೂನಿನಲ್ಲಿಯೇ ಇಲ್ಲ. ಅವರು ಹೇಳಿದ ಮೂರು ಹೆಜ್ಜೆಗಳಲ್ಲಿ ಮೊದಲನೆಯದು ನಿಲ್ಲುವುದು.

ಆದರೆ ಮೋಸಗಾರ ಮೊದಲು ಕಸಿಯುವುದೂ ಅದನ್ನೇ. ‘ಕರೆ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ’ ಎನ್ನುತ್ತಾನೆ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇಬ್ಬರೇ ಇರುವ ಅಪ್ಪ ಅಮ್ಮ, ಪುಣೆಯಲ್ಲೋ ದೆಹಲಿಯಲ್ಲೋ ಮಕ್ಕಳು ಇರುವ ಮನೆಗಳಲ್ಲಿ ಈ ಮಾತು ಇನ್ನೂ ಸುಲಭವಾಗಿ ನಾಟುತ್ತದೆ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಆದರೆ ಅದಕ್ಕೂ ಅಡ್ಡ ಬರುವುದು ‘ಮಗನಿಗೆ ಗೊತ್ತಾದರೆ ಬೈತಾನೆ’ ಎಂಬ ಅಂಜಿಕೆ.

ಹಬ್ಬಕ್ಕೆ ಊರಿಗೆ ಹೋದಾಗ ಅಕ್ಷರ ದೊಡ್ಡದು ಮಾಡುವುದು, ಬೇಡದ ಆ್ಯಪ್ ತೆಗೆಯುವುದು, ಮೊದಲ ಪರದೆಯ ಮೇಲೆ ಮೂವರ ಫೋಟೊ ಇಡುವುದು ಅರ್ಧ ಗಂಟೆಯ ಕೆಲಸ. ಪಿಂಚಣಿಯ ಖಾತೆಯನ್ನು ಯುಪಿಐಗೆ ಜೋಡಿಸದೆ, ದಿನದ ಖರ್ಚಿಗೆ ಸಾಕಾಗುವಷ್ಟು ಹಣವಿರುವ ಇನ್ನೊಂದು ಖಾತೆಯನ್ನು ಜೋಡಿಸುವುದು ಇನ್ನರ್ಧ ದಿನದ್ದು. ಜಿಟರ್‌ಬಗ್‌ನ ಆಪರೇಟರಿಗೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಉತ್ತರ ಕೊಡುವುದು ಅವರ ಕೆಲಸವಾಗಿತ್ತು. ಆ ಮೂರು ಫೋಟೊಗಳಲ್ಲಿ ಒಂದನ್ನು ಅಮ್ಮ ಮಧ್ಯಾಹ್ನದ ಮೀಟಿಂಗಿನ ನಡುವೆ ಒತ್ತಿ ‘ಒಂದು ಮೆಸೇಜು ಬಂದಿದೆ, ನೋಡು’ ಎಂದರೆ, ಆಚೆ ಕಡೆಯವರು ಸಿಡುಕದೆ ನೋಡಬೇಕು.