ಏಳಕ್ಕೆ ಆರು: ಎರಡು ಅಳತೆಗಳ ನಡುವಿನ ಲೆಕ್ಕ



ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಂದೋಲಾ ಎಂಬ ಊರಿದೆ. ನಿಜಾಮರ ಕಾಲದಲ್ಲಿ ಈ ಊರಿನ ಹೆಸರಿನದೇ ಒಂದು ತಾಲ್ಲೂಕು ಇತ್ತು. ಆ ಕಾಲ ಕಂಡ ಹಿರಿಯರಿಗೆ ಒಂದು ಲೆಕ್ಕ ಬಾಯಿಪಾಠವಾಗಿತ್ತು: ಏಳು ಹಾಲಿಗೆ ಆರು ಕಲ್ದಾರ. ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಾ 7 ರೂಪಾಯಿ ಕೊಟ್ಟರೆ ಭಾರತ ಸರ್ಕಾರದ 6 ರೂಪಾಯಿ ಸಿಗುತ್ತಿತ್ತು. ಹಾಲಿ ನಾಣ್ಯದ ಮಾನ್ಯತೆ ಪೂರ್ತಿಯಾಗಿ ರದ್ದಾದದ್ದು 1959ರಲ್ಲಿ. ಅಲ್ಲಿಯವರೆಗೆ ಎರಡೂ ಹಣಗಳ ಹೆಸರು ರೂಪಾಯಿಯೇ, ಬೆಲೆ ಮಾತ್ರ ಬೇರೆ. ಲೆಕ್ಕ ಬಾರದವನ ಕೈಗೆ ಆರರ ಬದಲು ಐದು ಇಟ್ಟರೂ ಅವನಿಗೆ ತಿಳಿಯುವಂತಿರಲಿಲ್ಲ.

ಇಂದು ಅಂಥದೇ ಇನ್ನೊಂದು ಲೆಕ್ಕ ಹಳ್ಳಿಯ ಬಾಗಿಲಿಗೆ ಬಂದಿದೆ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಪಂಚಾಯಿತಿಗೆ ಕೊಟ್ಟ ಮಾತು ಸೆಕೆಂಡಿಗೆ 100 ಮೆಗಾಬಿಟ್. ಈ 100 ಎಂದರೆ ಎಷ್ಟು? ಉತ್ತರಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಮೊದಲ ಅಳತೆ ಹುಟ್ಟಿದ್ದು ದೂರವಾಣಿಯಿಂದ. ಮಾತನ್ನು ಅಂಕಿಗಳಾಗಿ ಕಳಿಸಲು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಗುಣಿಸಿದರೆ ಒಂದು ಮಾತುಕತೆಗೆ 64 ಕಿಲೋಬಿಟ್. ಯೂರೋಪಿನವರು ಇಂಥ 32 ಭಾಗಗಳನ್ನು ಒಂದು ಕಟ್ಟು ಮಾಡಿದರು: 30 ಮಾತಿಗೆ, 2 ಮೇಲ್ವಿಚಾರಣೆಗೆ. ಆ ಕಟ್ಟು 2.048 ಮೆಗಾಬಿಟ್. ಭಾರತವೂ ಇದನ್ನೇ ಅನುಸರಿಸಿತು. ನಮ್ಮ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು.

ಗಾಜಿನ ಎಳೆಯಲ್ಲಿ ಬೆಳಕು ಹರಿಯತೊಡಗಿದಾಗ ಇನ್ನೂ ದೊಡ್ಡ ಕಟ್ಟುಗಳು ಬೇಕಾದವು. 1988ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದದಿಂದ ಎಸ್‌ಟಿಎಂ-1 ಎಂಬ ಮಾನ ಸಿದ್ಧವಾಯಿತು. ಅದನ್ನು 9 ಸಾಲು, 270 ಅಂಕಣಗಳ ಒಂದು ಹಾಳೆ ಎಂದುಕೊಳ್ಳಿ. ಪ್ರತಿ ಮನೆಯಲ್ಲಿ 8 ಬಿಟ್. ಸೆಕೆಂಡಿಗೆ 8,000 ಹಾಳೆ. ಒಟ್ಟು 155.52 ಮೆಗಾಬಿಟ್. ಆದರೆ 10 ಅಂಕಣಗಳು ಹಾಳೆಯ ಮೇಲ್ವಿಚಾರಣೆಗೇ ಹೋಗುತ್ತವೆ. ಸರಕಿಗೆ ಉಳಿಯುವುದು 149.76. ಬೆಳಕಿನ ಜಾಲದ ಅಂಕಿಗಳು ಹೀಗೆ ವಿಚಿತ್ರವಾಗಿ ಕಾಣುವುದಕ್ಕೆ ಕಾರಣ ಆ 8,000. ಮನುಷ್ಯನ ಧ್ವನಿಯೇ ಅವುಗಳ ಮೂಲಮಾನ.

ಎರಡನೆಯ ಅಳತೆಯ ಮನೆತನವೇ ಬೇರೆ. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸಲು ಈಥರ್‌ನೆಟ್ ಕಲ್ಪಿಸಿದರು. ಅಲ್ಲಿ ಸಾಗಬೇಕಾದದ್ದು ಮಾತಲ್ಲ, ಕಡತ. ಆದ್ದರಿಂದ 8,000ದ ಹಂಗಿಲ್ಲ. 1980ರಲ್ಲಿ ಅದರ ವೇಗ 10 ಮೆಗಾಬಿಟ್ ಎಂದು ಗೊತ್ತಾಯಿತು. 1995ರಲ್ಲಿ 100, 1998ರಲ್ಲಿ 1,000. ಎಲ್ಲವೂ ಹತ್ತರ ಮಗ್ಗಿ.

ಒಂದು ಕಡೆ ಮಾತಿನ ಮಗ್ಗಿ, ಇನ್ನೊಂದು ಕಡೆ ಹತ್ತರ ಮಗ್ಗಿ. ಎರಡೂ ಸಂಧಿಸಿದಾಗ ತೊಡಕು ಬಂತು. 1,000 ಮೆಗಾಬಿಟ್‌ನ ಈಥರ್‌ನೆಟ್ಟನ್ನು ದೂರದ ಊರಿಗೆ ಕಳಿಸಲು ಹೊಂದುವ ಡಬ್ಬಿ ಬೆಳಕಿನ ಜಾಲದಲ್ಲಿ ಇರಲಿಲ್ಲ. ಸಿಗುತ್ತಿದ್ದ ಮುಂದಿನ ಡಬ್ಬಿಯ ಅಳತೆ 2,396 ಮೆಗಾಬಿಟ್. ಅದರಲ್ಲಿ ತುಂಬಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಓಡಾಡುತ್ತಿತ್ತು, ಬಾಡಿಗೆ ಮಾತ್ರ ಪೂರ್ತಿ. ಸಣ್ಣ ಡಬ್ಬಿಗಳನ್ನು ಬೇಕಾದಷ್ಟೇ ಸೇರಿಸಿ ಒಂದೆಂದು ಎಣಿಸುವ ವಿಧಾನ 2000ದ ಈಚೆಗೆ ಬಳಕೆಗೆ ಬಂತು. 149.76ರ ಆರು ಡಬ್ಬಿ ಸೇರಿದರೆ 898, ಸಾಲದು. ಏಳು ಸೇರಿದರೆ 1,048, ಸಾಕು. ನೋಡಿ, ಇಲ್ಲಿಯೂ ಆರು ಮತ್ತು ಏಳರ ಲೆಕ್ಕವೇ! ಇದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಈಗ ಪಂಚಾಯಿತಿ ಕಚೇರಿಗೆ ಬರೋಣ. ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಬಳಸಿದ ಜಿ-ಪಾನ್ ತಂತ್ರಜ್ಞಾನದಲ್ಲಿ ಎಳೆಯ ಮೇಲೆ ಇಳಿದು ಬರುವ ವೇಗ 2,488.32 ಮೆಗಾಬಿಟ್, ಅಂದರೆ 155.52ರ ಹದಿನಾರರಷ್ಟು. ಗೋಡೆಯ ಮೇಲಿನ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗುವುದು ಈಥರ್‌ನೆಟ್. ಎರಡು ಮನೆತನಗಳ ಲೆಕ್ಕ ಆ ಪುಟ್ಟ ಪೆಟ್ಟಿಗೆಯೊಳಗೇ ತೀರುತ್ತದೆ. ಆದರೆ ಆ ಎಳೆ ಒಬ್ಬರದಲ್ಲ. ಅದನ್ನು 32 ಕಡೆಗೆ ಕವಲೊಡೆಸಿದ್ದರೆ, ಎಲ್ಲರೂ ಒಮ್ಮೆಗೇ ಬಳಸುವಾಗ ತಲಾ ಪಾಲು ಹೆಚ್ಚೆಂದರೆ 77.76 ಮೆಗಾಬಿಟ್.

ಇನ್ನೊಂದು ಮಾತು. ಸೇವೆ ಮಾರುವವರು ಎಣಿಸುವುದು ಬಿಟ್‌ಗಳಲ್ಲಿ. ಕಂಪ್ಯೂಟರಿನ ಪರದೆ ಕಡತವನ್ನು ಸಾಮಾನ್ಯವಾಗಿ ತೋರಿಸುವುದು ಬೈಟ್‌ಗಳಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್‌ನ ಸಂಪರ್ಕ ಪರದೆಯ ಮೇಲೆ ಹೆಚ್ಚೆಂದರೆ 12.5 ಮೆಗಾಬೈಟ್ ಎಂದು ಕಾಣುತ್ತದೆ. ಇದು ಮೋಸವಲ್ಲ. ಆದರೆ 12.5ರ ಜಾಗದಲ್ಲಿ ಸದಾ 2 ಅಥವಾ 3 ಮಾತ್ರ ಕಂಡರೆ ಪ್ರಶ್ನಿಸುವ ಹಕ್ಕು ನಿಮಗಿದೆ.

ಪಹಣಿ, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಈ ತಂತಿಯ ಮೇಲೆ ನಿಂತಿರುವಾಗ ಲೆಕ್ಕ ಕೇಳುವುದು ಜಗಳವಲ್ಲ, ಜವಾಬ್ದಾರಿ. ಕೇಳಬೇಕಾದದ್ದು ಮೂರೇ ಪ್ರಶ್ನೆ: ಈ ಅಂಕಿ ಬಿಟ್ಟೋ ಬೈಟೋ? ಎಳೆಯ ಮೇಲಿನ ವೇಗವೋ, ನಮ್ಮ ಮೇಜಿನ ಮೇಲಿನದೋ? ಎಷ್ಟು ಜನರ ಪಾಲಿನದು? ಹಾಲಿಯನ್ನು ಕಲ್ದಾರಕ್ಕೆ ಬದಲಿಸುವಾಗ ನಮ್ಮ ಹಿರಿಯರು ಎಣಿಸಿಯೇ ಕೈಚಾಚಿದರು. ನಾವೂ ಎಣಿಸಲು ಕಲಿತರೆ ಸಾಕು.