ಕೊಟ್ಟ ಮಾತಿಗಾಗಿ ಮರಳಿದ ಗುರು

ಅಮೆರಿಕದ ಮಹಾನದಿ ಮಿಸಿಸಿಪ್ಪಿಗೆ ಉಗಿಹಡಗು ಬಂದದ್ದು 1811ರಲ್ಲಿ. ಅದಕ್ಕೂ ಬಹು ಹಿಂದಿನಿಂದಲೇ ಆ ನದಿ ಮೂಲನಿವಾಸಿಗಳಿಗೆ ಹೆದ್ದಾರಿಯಾಗಿತ್ತು. ಅವರನ್ನೇ ದಾರಿ ಕೇಳಿ ಹೊರಟವರು ಯೇಸುಸಭೆಯ ಫ್ರೆಂಚ್ ಗುರು ಸ್ವಾಮಿ ಜಾಕ್ ಮಾರ್ಕೆಟ್.

1673ರ ಮೇ 17ರಂದು ಅವರು ಲೂಯಿ ಜೋಲಿಯೆ ಹಾಗೂ ಐವರು ಸಂಗಡಿಗರೊಂದಿಗೆ ಎರಡು ತೊಗಟೆ ದೋಣಿಗಳಲ್ಲಿ ಹೊರಟರು. ವಿಸ್ಕಾನ್ಸಿನ್ ನದಿಯವರೆಗೆ ಇಬ್ಬರು ಮಯಾಮಿ ಜನರು ದಾರಿ ತೋರಿದರು. ಜೂನ್ 17ರಂದು ಮಿಸಿಸಿಪ್ಪಿ ಎದುರಾಯಿತು. ಸ್ವಾಮಿಯವರು ಅದನ್ನು ಅಮಲೋದ್ಭವ ಮಾತೆಯ ಹೆಸರಿನಿಂದ ಕರೆದರು. ಇಲಿನಾಯ್ ಜನರು ಕೊಟ್ಟ ಶಾಂತಿಯ ಕೊಳವೆ ಮುಂದೆ ಅಪಾಯದಲ್ಲಿ ಅವರನ್ನು ಕಾಯಿತು. ನದಿಯು ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆಂದು ಮನವರಿಕೆಯಾದಾಗ, ಅರ್ಕಾನ್ಸಾ ನದಿಯ ಬಳಿಯಿಂದ ಹಿಂದಿರುಗಿದರು.

ದಾರಿಯಲ್ಲಿ ಕಸ್ಕಾಸ್ಕಿಯಾ ಜನರು, "ಮತ್ತೆ ಬನ್ನಿ" ಎಂದು ಕೇಳಿಕೊಂಡರು. ಸ್ವಾಮಿಯವರು ಒಪ್ಪಿ ಮಾತು ಕೊಟ್ಟರು. ಕಾಯಿಲೆಯಿಂದ ನರಳುತ್ತಿದ್ದರೂ 1675ರ ಪಾಸ್ಕ ಹಬ್ಬಕ್ಕೆ ಅಲ್ಲಿಗೆ ಬಂದು ಬಲಿಪೂಜೆ ಅರ್ಪಿಸಿದರು. ಮರಳುವ ಹಾದಿಯಲ್ಲಿ, ಮೇ 18ರಂದು, ಮಿಷಿಗನ್ ಸರೋವರದ ದಡದಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ 37 ವರ್ಷ.

ನದಿಯ ಚರಿತ್ರೆ ಅವರನ್ನು ಅನ್ವೇಷಕರೆಂದು ನೆನೆಯುತ್ತದೆ. ದಾರಿ ತೋರಿದವರನ್ನು ಮರೆಯದೆ ಮರಳಿ ಬಂದ ಗುರುವೆಂದು ನಾವು ನೆನೆಯೋಣ.