ಮೂಲೆಗೆ ಬಿದ್ದ ಪೆಟ್ಟಿಗೆ

ಹೊಸ ಕೀಬೋರ್ಡ್ ಕಂಡರೆ ಸಾಕು, ನಮ್ಮ ಕೈ ಜೇಬಿಗೆ ಹೋಗುತ್ತದೆ. ಹದಿನೈದನೇ ತಾರೀಖಿಗೇ ಸಂಬಳ ಕರಗುವ ನಮಗೆ ಈ ಚಟ ದುಬಾರಿ. ಆಗೆಲ್ಲ ಟಿಬಿ-303ರ ಕಥೆ ನೆನೆಯುತ್ತೇವೆ.

ಗಿಟಾರ್ ನುಡಿಸುವವರಿಗೆ ಬೇಸ್ ಸಾಥ್ ಕೊಡಲೆಂದು ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಪುಟ್ಟ ಪೆಟ್ಟಿಗೆಯಿದು. ದನಿ ಬೇಸ್ ಗಿಟಾರಿನಂತಿರಲಿಲ್ಲ, ಸ್ವರ ಕೂಡಿಸುವುದೂ ತಲೆನೋವು. 1983ರಲ್ಲಿ ಯಮಹಾ ಡಿಎಕ್ಸ್7 ಬಂದದ್ದೇ ತಡ, ಡಿಜಿಟಲ್ ಹುಚ್ಚು ಹಿಡಿಯಿತು. ಮರುವರ್ಷ 303ರ ತಯಾರಿಕೆ ನಿಂತು, ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಯಿತು.

ಶಿಕಾಗೋದ ‘ಫ್ಯೂಚರ್’ ತಂಡದ ಹುಡುಗರು ಅಂಥದ್ದೊಂದನ್ನು ಕೊಂಡು, ತಿರುಪುಗಳನ್ನು ಮನಬಂದಂತೆ ತಿರುಗಿಸಿದರು. (ಕೈಪಿಡಿ ಓದಿದ್ದರೆ ಏನಾಗುತ್ತಿತ್ತೋ!) ಆ ಕೀರಲು ದನಿಯೇ 1987ರ ‘ಆಸಿಡ್ ಟ್ರ್ಯಾಕ್ಸ್’. ಆಸಿಡ್ ಹೌಸ್ ಸಂಗೀತ ಹೆಸರು ಪಡೆದದ್ದೇ ಅದರಿಂದ ಎಂಬ ಮಾತೂ ಇದೆ.

ನಮ್ಮ ರೂಮಿನ ಹಳೇ ಕೀಬೋರ್ಡಿನಲ್ಲಿ ಮೂರು ಕೀ ಕೆಟ್ಟಿವೆ. ಉಳಿದವನ್ನು ನಾವಿನ್ನೂ ಸರಿಯಾಗಿ ಮುಟ್ಟಿಯೇ ಇಲ್ಲ.